ದಿನಕ್ಕೆ ಹತ್ತು ನಿಮಿಷ: ಬಿಡುವಿಲ್ಲದ ಅಮ್ಮನ ಮನೆಯಲ್ಲಿ ಮಕ್ಕಳ ವಿಶ್ವಾಸ

ಆಫೀಸು, ಅಡುಗೆ, ಹೋಂವರ್ಕು, ಒಗೆಯೋ ಬಟ್ಟೆ, ಮತ್ತೆ ರಾತ್ರಿ ಒಂಬತ್ತಕ್ಕೆ ಇನ್ನೊಂದು ಮೀಟಿಂಗು. ಇದರ ಮಧ್ಯೆ ಮಕ್ಕಳಿಗೆ ದೇವರ ವಿಷಯ ಹೇಳಿಕೊಡೋಕೆ ಟೈಮ್ ಎಲ್ಲಿದೆ ಹೇಳಿ? ಚರ್ಚಿನ ಮಹಿಳಾ ಕೂಟದಲ್ಲಿ ನಾಲ್ಕು ಜನ ಅಮ್ಮಂದಿರು ಸೇರಿದರೆ ಈ ಮಾತು ಬಂದೇ ಬರುತ್ತದೆ. "ಸಂಡೇ ಸ್ಕೂಲಿಗೆ ಕಳಿಸ್ತೀವಲ್ಲ, ಅಷ್ಟು ಸಾಕು ಬಿಡಿ" ಅಂತ ಒಬ್ಬರು ಅಂದರೆ, ಉಳಿದವರೂ ತಲೆಯಾಡಿಸುತ್ತಾರೆ.

ಸಾಫ್ಟ್‌ವೇರ್ ಕೆಲಸದವಳಾದ್ದರಿಂದ ನನಗೆ ಲೆಕ್ಕ ಹಾಕಿ ನೋಡುವ ಅಭ್ಯಾಸ. ಸಂಡೇ ಸ್ಕೂಲು ವಾರಕ್ಕೆ ಒಂದು ಗಂಟೆ. ಒಂದು ವಾರವೂ ತಪ್ಪದಿದ್ದರೆ ವರ್ಷಕ್ಕೆ 52 ಗಂಟೆ. ಮಗು ದಿನಕ್ಕೆ 14 ಗಂಟೆ ಎಚ್ಚರವಿರುತ್ತದೆ ಅಂದುಕೊಂಡರೂ ವಾರಕ್ಕೆ 98 ಗಂಟೆ ಆಯಿತು. ಅಂದರೆ 97 ಗಂಟೆ ಮನೆಯಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ, ಮೊಬೈಲಿನಲ್ಲಿ ಕಳೆಯುತ್ತದೆ. ಈಗ ಇನ್ನೊಂದು ಲೆಕ್ಕ. ಮನೆಯಲ್ಲಿ ದಿನಕ್ಕೆ ಹತ್ತೇ ನಿಮಿಷ ಕೂತರೆ ವರ್ಷಕ್ಕೆ 3,650 ನಿಮಿಷ, ಸುಮಾರು 60 ಗಂಟೆ. ವರ್ಷವಿಡೀ ನಡೆಯುವ ಸಂಡೇ ಸ್ಕೂಲಿಗಿಂತ ಹೆಚ್ಚು! ಈ ಲೆಕ್ಕ ನೋಡಿದ ಮೇಲೆ "ಟೈಮ್ ಇಲ್ಲ" ಅನ್ನೋ ಮಾತು ನನ್ನ ಬಾಯಲ್ಲಿ ಅಷ್ಟು ಸುಲಭವಾಗಿ ಬರುತ್ತಿಲ್ಲ.

ನಾವಿರುವುದು ಮಧುಗಿರಿಯಲ್ಲಿ. ವಾರದಲ್ಲಿ ಎರಡು ದಿನ ಬೆಂಗಳೂರಿನ ಆಫೀಸು, ಉಳಿದ ದಿನ ಮನೆಯಿಂದಲೇ ಕೆಲಸ. ಮಗಳಿಗೆ ಎಂಟು ವರ್ಷ, ಮಗನಿಗೆ ಐದು. ದೊಡ್ಡ ನಗರದಲ್ಲಿರುವ ಕ್ರೈಸ್ತ ಕುಟುಂಬಗಳಿಗೂ ನಮ್ಮಂಥವರಿಗೂ ಒಂದು ವ್ಯತ್ಯಾಸ ಇದೆ. 2011ರ ಜನಗಣತಿ ಪ್ರಕಾರ ಇಡೀ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಎರಡಕ್ಕಿಂತ ಕಡಿಮೆ, 1.87. ಅದರಲ್ಲೂ ಬೆಂಗಳೂರು, ಕರಾವಳಿ ಬಿಟ್ಟು ಶಿರಾ, ಕೊರಟಗೆರೆ, ಪಾವಗಡದ ಕಡೆ ಬಂದರೆ ಶಾಲೆಯ ತರಗತಿಯಲ್ಲಿ ನಮ್ಮ ಮಗು ಒಂದೇ ಇರಬಹುದು. ಕೆಲವು ಊರುಗಳಲ್ಲಿ ಸಭಾಪಾಲಕರೊಬ್ಬರೇ ಎರಡು ಮೂರು ಸಭೆ ನೋಡಿಕೊಳ್ಳಬೇಕು. ಹಾಗಾಗಿ ಇಲ್ಲಿ ಮಗುವಿನ ವಿಶ್ವಾಸ ಉಳಿಯೋದು, ಬೆಳೆಯೋದು ಹೆಚ್ಚಾಗಿ ಮನೆಯಲ್ಲೇ.

ನಾಲ್ಕು ಹೊತ್ತು

ಧರ್ಮೋಪದೇಶಕಾಂಡದ 6ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಮಕ್ಕಳಿಗೆ ಕಲಿಸುವುದಕ್ಕೆ ಮೋಶೆ ಬೇರೆ ತರಗತಿ ಇಡಿ ಅನ್ನುವುದಿಲ್ಲ. ಮನೆಯಲ್ಲಿ ಕೂತಾಗ, ದಾರಿಯಲ್ಲಿ ಹೋಗುವಾಗ, ರಾತ್ರಿ, ಬೆಳಗ್ಗೆ ಅಂತ ನಾಲ್ಕು ಹೊತ್ತು ಹೇಳುತ್ತಾನೆ. ಈ ನಾಲ್ಕೂ ಹೊತ್ತು ಎಷ್ಟೇ ಬ್ಯುಸಿ ಇರುವ ಮನೆಯಲ್ಲೂ ಇದ್ದೇ ಇರುತ್ತವೆ.

ಬೆಳಗ್ಗೆ ಜಡೆ ಹಾಕುವಾಗ ಮಗಳಿಗೆ ಒಂದು ವಾಕ್ಯ ಹೇಳಿಕೊಡಬಹುದು. ವಾರಕ್ಕೆ ಒಂದೇ ವಾಕ್ಯ ಸಾಕು, ದಿನಾ ಹೊಸದು ಬೇಡ. ಶನಿವಾರದ ಹೊತ್ತಿಗೆ ಅದು ತಾನಾಗಿಯೇ ಬಾಯಿಗೆ ಬಂದಿರುತ್ತದೆ. ಸ್ಕೂಟರಿನಲ್ಲಿ ಶಾಲೆಗೆ ಬಿಡುವಾಗ ಒಂದು ಕೀರ್ತನೆ. ಮಧುಗಿರಿ ಬೆಟ್ಟ ಕಣ್ಣೆದುರಿಗೆ ಇದೆ. ಇಷ್ಟು ದೊಡ್ಡ ಏಕಶಿಲೆ ಇಟ್ಟುಕೊಂಡು ಬಂಡೆಯ ಮೇಲೆ ಮನೆ ಕಟ್ಟಿದವನ ಕಥೆ ಹೇಳೋಕೆ ಚಿತ್ರದ ಪುಸ್ತಕ ಯಾಕೆ ಬೇಕು? ಬಿತ್ತುವವನ ಸಾಮ್ಯವಂತೂ ನಮ್ಮ ಕಡೆಯ ಮಕ್ಕಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಅರ್ಥವಾಗುತ್ತದೆ. ಕಲ್ಲು ನೆಲ, ಮುಳ್ಳು, ದಾರಿ ಬದಿ, ಒಳ್ಳೆ ಮಣ್ಣು ಎಲ್ಲವೂ ತಾತನ ಹೊಲದಲ್ಲೇ ಇವೆ.

ಊಟಕ್ಕೆ ಮುಂಚೆ ಎರಡು ಸಾಲಿನ ಸ್ತೋತ್ರ ಮಕ್ಕಳೇ ಹೇಳಲಿ. ಮುದ್ದೆ ಆರುವಷ್ಟು ಉದ್ದ ಆಗಬಾರದು, ಅಷ್ಟೇ. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ. ಒಂದು ಕಥೆ ಓದುವುದು, ಅವತ್ತಿನ ಒಂದು ಸಂತೋಷ ಮತ್ತು ಒಂದು ಬೇಜಾರು ಹೇಳುವುದು, ಪ್ರಾರ್ಥನೆ. ಮೊಬೈಲು ಪಕ್ಕದ ರೂಮಿನಲ್ಲಿರಲಿ. ನನಗೆ ರಾತ್ರಿ ಮೀಟಿಂಗ್ ಇದ್ದ ದಿನ ಯಜಮಾನರು ಕೂರುತ್ತಾರೆ. ಇದು ಅಮ್ಮ ಒಬ್ಬಳ ಡ್ಯೂಟಿ ಅಂತ ಮಕ್ಕಳಿಗೆ ಅನ್ನಿಸಬಾರದು. ಅಪ್ಪ ಮಂಡಿಯೂರಿ ಪ್ರಾರ್ಥಿಸುವುದನ್ನು ನೋಡಿದ ಮಗುವಿಗೆ ಅದು ಬಹಳ ಕಾಲ ನೆನಪಿರುತ್ತದೆ.

ಗುರುವಾರ ಸಂಜೆಯ ಹುಡುಗ

"ಅಯ್ಯೋ, ಅವರಿಗೆಲ್ಲ ಪುರುಸೊತ್ತು ಇತ್ತು" ಅಂತ ಹಳೆಯ ಕಾಲದ ತಾಯಂದಿರ ಬಗ್ಗೆ ಹೇಳುತ್ತೇವೆ. ಇಂಗ್ಲೆಂಡಿನ ಎಪ್‌ವರ್ತ್‌ನಲ್ಲಿದ್ದ ಸುಸಾನಾ ವೆಸ್ಲಿಯ ಕಥೆ ಕೇಳಿ. ಹತ್ತೊಂಬತ್ತು ಹೆತ್ತು ಒಂಬತ್ತನ್ನು ಎಳೆತನದಲ್ಲೇ ಕಳೆದುಕೊಂಡವಳು. ಮನೆಯಲ್ಲಿ ಸಾಲ. ಪಾದ್ರಿಯಾಗಿದ್ದ ಗಂಡ ಎಷ್ಟೋ ತಿಂಗಳು ಲಂಡನ್ನಿನಲ್ಲಿ. 1709ರಲ್ಲಿ ಮನೆಯೇ ಸುಟ್ಟುಹೋಯಿತು. ಆ ಬೆಂಕಿಯಿಂದ ಐದು ವರ್ಷದ ಜಾನ್‌ನನ್ನು ಕೊನೇ ಗಳಿಗೆಯಲ್ಲಿ ಕಿಟಕಿಯಿಂದ ಎತ್ತಿಕೊಂಡರು. ಇಷ್ಟೆಲ್ಲ ಇದ್ದೂ ಆಕೆ ಮಾಡಿಕೊಂಡಿದ್ದ ಏರ್ಪಾಡು ತುಂಬ ಸರಳ. ವಾರದ ಒಂದೊಂದು ಸಂಜೆ ಒಂದೊಂದು ಮಗುವಿನ ಜೊತೆ ಮಾತ್ರ ಕೂತು ಮಾತಾಡುವುದು. 1712ರಲ್ಲಿ ಗಂಡನಿಗೆ ಬರೆದ ಪತ್ರದಲ್ಲಿ ಯಾವ ದಿನ ಯಾರದು ಅಂತ ಪಟ್ಟಿಯನ್ನೇ ಕೊಟ್ಟಿದ್ದಾಳೆ. ಜಾನ್‌ನ ದಿನ ಗುರುವಾರ. ದೊಡ್ಡವನಾಗಿ ದೂರ ಹೋದ ಮೇಲೂ ಅವನು ಆ ಗುರುವಾರದ ಸಂಜೆಯನ್ನು ನೆನೆದು ತಾಯಿಗೆ ಪತ್ರ ಬರೆದ.

ಅದೇ ಜಾನ್ ವೆಸ್ಲಿಯಿಂದ ಮೆಥೊಡಿಸ್ಟ್ ಚಳವಳಿ ಹುಟ್ಟಿತು. ಆ ಹೆಸರಿನ ವೆಸ್ಲಿಯನ್ ಮಿಷನ್ ನಮ್ಮ ಜಿಲ್ಲೆಯ ಗುಬ್ಬಿಗೆ 1837ರಲ್ಲೇ ಬಂತು. ಮುಂದೆ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಶುರುವಾದಾಗ ಆ ಸಭೆಗಳು ಅದರೊಳಗೆ ಸೇರಿದವು. ಗುಬ್ಬಿ, ತುಮಕೂರಿನ ಕಡೆಯ ಎಷ್ಟೋ ಕುಟುಂಬಗಳ ಪ್ರಾರ್ಥನೆಯ ಹಿಂದೆ ಒಬ್ಬ ತಾಯಿಯ ಗುರುವಾರದ ಸಂಜೆಗೂ ಪಾಲು ಇದೆ ಅಂದರೆ ತಪ್ಪಾಗಲಾರದು.

ನಮ್ಮ ಮನೆಯಲ್ಲಿ ಮಗಳಿಗೆ ಮಂಗಳವಾರ, ಮಗನಿಗೆ ಶುಕ್ರವಾರ. ಇಪ್ಪತ್ತು ನಿಮಿಷ. ಅವತ್ತು ಪಾಠ ಹೇಳುವುದಿಲ್ಲ, ಬರೀ ಕೇಳಿಸಿಕೊಳ್ಳುವುದು. ಶಾಲೆಯ ಜಗಳದಿಂದ ಶುರುವಾಗಿ ಮಾತು ದೇವರ ತನಕ ಹೋಗುತ್ತದೆ. ಕ್ಯಾಲೆಂಡರಿನಲ್ಲಿ ಆಫೀಸ್ ಮೀಟಿಂಗ್ ಹಾಕುವ ಹಾಗೇ ಇದನ್ನೂ ಬ್ಲಾಕ್ ಮಾಡಿ ಇಡಿ, ಇಲ್ಲದಿದ್ದರೆ ಖಂಡಿತ ತಪ್ಪಿಹೋಗುತ್ತದೆ.

"ನಿಮ್ಮ ದೇವರು ಫಾರಿನ್ ದೇವರಂತೆ"

ಹೀಗೆ ಒಂದು ಮಂಗಳವಾರ ಮಗಳು ಕೇಳಿದ್ದು, "ಅಮ್ಮ, ನಮ್ಮ ದೇವರು ಫಾರಿನ್ ದೇವರಾ? ಕ್ಲಾಸಲ್ಲಿ ಹಂಗಂದ್ರು." ಮಕ್ಕಳ ಮಾತು, ಕೇಳಿದವರ ಮೇಲೆ ಸಿಟ್ಟಾಗಬೇಕಿಲ್ಲ. ಆದರೆ ಉತ್ತರ ಬೇಕು. ಯೇಸು ಹುಟ್ಟಿದ್ದು ಯೂರೋಪಿನಲ್ಲಲ್ಲ, ಏಷ್ಯಾದಲ್ಲೇ ಇರುವ ಬೆತ್ಲೆಹೇಮಿನಲ್ಲಿ ಅಂತ ಭೂಪಟ ತೆಗೆದು ತೋರಿಸಿದೆ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೇ ಪೂರ್ತಿ ಬೈಬಲ್ ಕನ್ನಡದಲ್ಲಿ ಬಂದಿತ್ತು ಅಂತ ಹೇಳಿದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟಿದ್ದು ಮೋಗ್ಲಿಂಗ್ ಅವರಿಂದ, 1894ರಲ್ಲಿ ದೊಡ್ಡ ಕನ್ನಡ ನಿಘಂಟು ಬಂದಿದ್ದು ಕಿಟೆಲ್ ಅವರಿಂದ ಅಂತಲೂ ಹೇಳಿದೆ. ಮಿಷನರಿಗಳು ಹೊರಗಿನಿಂದ ಬಂದದ್ದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ನಾವು ಕನಸು ಕಾಣುವ ಭಾಷೆಯಲ್ಲೇ ಪ್ರಾರ್ಥನೆ ಮಾಡುತ್ತೇವೆ. ಅದಕ್ಕೇ ಇಂಗ್ಲಿಷ್ ಮೀಡಿಯಂ ಮಕ್ಕಳಾದರೂ ಮನೆಯ ಪ್ರಾರ್ಥನೆ ಕನ್ನಡದಲ್ಲೇ ಇರಲಿ. ಅಜ್ಜಿಯ ಜೊತೆ ಕೂತು ಪ್ರಾರ್ಥಿಸೋಕೂ ಅದು ಬೇಕು.

ದಂಡಿನ ಮಾರಮ್ಮನ ಜಾತ್ರೆ ಬಂದಾಗ ಊರೆಲ್ಲ ಸಂಭ್ರಮ. ಪ್ರಸಾದ, ಪೂಜೆಯ ವಿಷಯದಲ್ಲಿ ನಮ್ಮ ಸಭೆಗಳಲ್ಲೇ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಯಾವ ತೀರ್ಮಾನ ಮಾಡಿದರೂ ಅದನ್ನು ಹೇಳುವ ರೀತಿ ಮಗುವಿಗೆ ಕಲಿಸಿ. "ನಮ್ಮನೇಲಿ ಪೂಜೆ ಮಾಡಲ್ಲ, ಆದ್ರೆ ನಿಮ್ಮನೆಗೆ ಊಟಕ್ಕೆ ಬರ್ತೀನಿ" ಅಂತ ನಗುತ್ತಾ ಹೇಳಬಹುದು. ಇನ್ನೊಬ್ಬರ ದೇವರನ್ನು ಹೀಯಾಳಿಸುವ ಒಂದು ಮಾತೂ ಮನೆಯಲ್ಲಿ ಬರಬಾರದು. ಡಿಸೆಂಬರಿನಲ್ಲಿ ಕರ್ಜಿಕಾಯಿ, ಚಕ್ಕುಲಿ, ಕೇಕು ತುಂಬಿದ ಡಬ್ಬಿ ಬೀದಿಯ ಪ್ರತಿ ಮನೆಗೂ ಮಕ್ಕಳ ಕೈಯಲ್ಲೇ ಹೋಗಲಿ. ಪಕ್ಕದ ಮನೆಯವರು ಬೇರೆಯವರಲ್ಲ ಅಂತ ಮಗುವಿಗೆ ತಿಳಿಯಲು ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ಮಳೆ ಬಾರದ ವರ್ಷ

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಬಂದಿದ್ದು ಪಾವಗಡದ ಕಡೆಯ ನಮ್ಮ ಮಾವನವರ ಶೇಂಗಾ ಹೊಲದಿಂದ. ಬಿತ್ತನೆಗೆ ಮಳೆ ಬಂತು, ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಕೈಕೊಟ್ಟಿತು. ಇದು ಆ ಸೀಮೆಗೆ ಹೊಸದಲ್ಲ. ಬರ ಸಾಕಾಗಿಯೇ ತಿರುಮಣಿ ಸುತ್ತಲಿನ ಎಷ್ಟೋ ರೈತರು ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟರು, ಈಗ ಅಲ್ಲಿ ಸುಮಾರು 13,000 ಎಕರೆಯಲ್ಲಿ ಬಿಸಿಲೇ ಬೆಳೆ. ನಮ್ಮ ಮಾವನವರು ಮಾತ್ರ ಶೇಂಗಾ ಬಿಟ್ಟಿಲ್ಲ. ಮಕ್ಕಳಿಬ್ಬರೂ ಮೂರು ವಾರ ದಿನಾ ರಾತ್ರಿ ಮಳೆಗೆ ಪ್ರಾರ್ಥಿಸಿದರು. ಬರಲಿಲ್ಲ. ಬಳ್ಳಿ ಒಣಗಿ ದನಕ್ಕೆ ಮೇವಾಯಿತು. "ನಾವು ಕೇಳಿದ್ದು ದೇವರಿಗೆ ಕೇಳಿಸ್ಲಿಲ್ವಾ?" ಅಂತ ಐದು ವರ್ಷದವನ ಪ್ರಶ್ನೆ.

ಇಂಥ ಕಡೆ "ನೀನು ಸರಿಯಾಗಿ ಪ್ರಾರ್ಥನೆ ಮಾಡ್ಲಿಲ್ಲ" ಅಂತ ದಯವಿಟ್ಟು ಹೇಳಬೇಡಿ. ಆ ಮಾತು ಮಗುವಿನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯುತ್ತದೆ. "ದೇವರು ಇನ್ನೂ ದೊಡ್ಡದು ಕೊಡ್ತಾನೆ" ಅಂತ ನಮಗೇ ಗೊತ್ತಿಲ್ಲದ ಭರವಸೆಯೂ ಬೇಡ. "ಯಾಕೆ ಬರಲಿಲ್ಲ ಅಂತ ಅಮ್ಮನಿಗೂ ಗೊತ್ತಿಲ್ಲ ಕಂದ" ಅಂದೆ. ಆಮೇಲೆ ಹಬಕ್ಕೂಕನ ಪುಸ್ತಕದ ಕೊನೆಯ ಭಾಗವನ್ನು ನಮ್ಮ ಮಾತಿನಲ್ಲಿ ಹೇಳಿದೆವು. ಮರದಲ್ಲಿ ಹಣ್ಣಿಲ್ಲ, ಹೊಲದಲ್ಲಿ ಕಾಳಿಲ್ಲ, ಕೊಟ್ಟಿಗೆಯಲ್ಲಿ ದನ ಇಲ್ಲ, ಆದರೂ ಆ ಪ್ರವಾದಿ ದೇವರ ಕೈ ಬಿಡಲಿಲ್ಲ. ಕೀರ್ತನೆಗಳ ಪುಸ್ತಕದಲ್ಲೂ ಎಷ್ಟೋ ಕಡೆ ಭಕ್ತರು "ಎಲ್ಲಿದ್ದೀಯ?" ಅಂತ ದೇವರನ್ನೇ ಕೇಳುತ್ತಾರೆ. ದೇವರ ಹತ್ತಿರ ಅಳಬಹುದು, ಜಗಳವಾಡಬಹುದು ಅಂತ ಮಗುವಿಗೆ ಗೊತ್ತಿರಲಿ.

ಆ ವರ್ಷ ಸುಗ್ಗಿ ಹಬ್ಬಕ್ಕೆ ಎಲ್ಲರೂ ಮೂಟೆ, ಕುಂಬಳಕಾಯಿ, ತೆಂಗಿನಕಾಯಿ ತಂದು ಚರ್ಚಿನ ಮುಂದೆ ಇಟ್ಟರು. ಮಾವನವರು ಮಕ್ಕಳ ಕೈಯಲ್ಲಿ ಒಂದು ಬೊಗಸೆ ಶೇಂಗಾ ಕೊಟ್ಟು ಕಳಿಸಿದರು. ಹೊಲದಲ್ಲಿ ಸಿಕ್ಕಿದ್ದರಲ್ಲಿ ಗಟ್ಟಿ ಕಾಯಿಗಳನ್ನೇ ಆರಿಸಿದ್ದರು. ನಾನು ಹೇಳಿದ ಉತ್ತರಕ್ಕಿಂತ ಆ ಬೊಗಸೆ ಮಕ್ಕಳಿಗೆ ಹೆಚ್ಚು ಅರ್ಥವಾಯಿತು. ತಾತ ಯಾಕೆ ಕೊಟ್ಟರು ಅಂತ ಅವರು ಈಗಲೂ ಕೇಳುತ್ತಿರುತ್ತಾರೆ, ಕೇಳಲಿ.

ಅಜ್ಜಿ, ತಾತ ನಮ್ಮ ಬಲ

ತಿಮೊಥೆಯನ ತಂದೆ ಗ್ರೀಕನು, ಮನೆಯಲ್ಲಿ ವಿಶ್ವಾಸ ದಾಟಿ ಬಂದಿದ್ದು ಅಜ್ಜಿ ಲೋವಿ ಮತ್ತು ತಾಯಿ ಯೂನೀಕೆಯಿಂದ ಅಂತ ಹೊಸ ಒಡಂಬಡಿಕೆ ಹೇಳುತ್ತದೆ. ನಾವು ಬಸ್ಸಿನಲ್ಲಿರುವ ಹೊತ್ತಿನಲ್ಲಿ ಅಜ್ಜಿ ಹೇಳುವ ಕಥೆಯನ್ನು ಕಡಿಮೆ ಅಂದುಕೊಳ್ಳಬೇಡಿ. ಅಜ್ಜಿ ದೂರದ ಊರಿನಲ್ಲಿದ್ದರೆ ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಅವರೇ ಪ್ರಾರ್ಥನೆ ನಡೆಸಲಿ.

ಇದೆಲ್ಲ ಒಟ್ಟಿಗೆ ಶುರು ಮಾಡಲು ಹೋಗಬೇಡಿ, ಮೂರನೇ ದಿನಕ್ಕೆ ನಿಂತುಹೋಗುತ್ತದೆ. ನಾಲ್ಕು ಹೊತ್ತಿನಲ್ಲಿ ನಿಮಗೆ ಸುಲಭವಾದ ಒಂದನ್ನು ಆರಿಸಿಕೊಂಡು ಒಂದು ತಿಂಗಳು ಅದನ್ನೇ ನಡೆಸಿ. ಒಂದು ದಿನ ತಪ್ಪಿದರೆ ಮಾರನೇ ದಿನ ಮುಂದುವರಿಸಿ, ಬಾಕಿ ತೀರಿಸುವ ಲೆಕ್ಕ ಇಲ್ಲಿ ಬೇಡ. ಇವತ್ತು ರಾತ್ರಿ ದೀಪ ಆರಿಸುವ ಮುಂಚೆ "ಇವತ್ತು ನಿನಗೆ ಏನು ಖುಷಿಯಾಯ್ತು?" ಅಂತ ಕೇಳಿ, ಮಗು ಹೇಳಿದ್ದಕ್ಕೆ ಇಬ್ಬರೂ ಸೇರಿ ದೇವರಿಗೆ ಥ್ಯಾಂಕ್ಸ್ ಹೇಳಿ. ಮೊದಲ ದಿನಕ್ಕೆ ಅಷ್ಟು ಸಾಕು.