ಕೈಯೊಳಗಿನ ರಾತ್ರಿಶಾಲೆ

ಬೊರಿವಲಿ ನಿಲ್ದಾಣದಿಂದ ಬೆಳಿಗ್ಗೆ ಚರ್ಚ್‌ಗೇಟಿನ ಕಡೆಗೆ ಹೊರಡುವ ಲೋಕಲ್ ಗಾಡಿಯಲ್ಲಿ ಒಮ್ಮೆ ಸುತ್ತ ಕಣ್ಣಾಡಿಸಿದರೆ, ಕುಳಿತವರ ಮಾತಿರಲಿ, ಮೇಲಿನ ಹಿಡಿಗೆ ಜೋತುಬಿದ್ದು ನಿಂತವರ ಕೈಯಲ್ಲಿಯೂ ಮೊಬೈಲು ಬೆಳಗುತ್ತಿರುವುದು ಕಾಣುತ್ತದೆ. ಒಬ್ಬರು ಯಕ್ಷಗಾನದ ಪ್ರಸಂಗವನ್ನು ನೋಡುತ್ತಿದ್ದರೆ ಇನ್ನೊಬ್ಬರು ಕ್ರಿಕೆಟ್ ಪಂದ್ಯದಲ್ಲಿ ತಲ್ಲೀನರಾಗಿರುತ್ತಾರೆ. ಮನರಂಜನೆಯ ಈ ಸಂತೆಯ ನಡುವೆ, ಬಾಗಿಲ ಬಳಿಯ ಮೂಲೆಯಲ್ಲಿ, ಕಾಲೇಜು ಹುಡುಗನೊಬ್ಬ ಲೆಕ್ಕದ ಪಾಠವೊಂದನ್ನು ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೊಮ್ಮೆ ಕೇಳುತ್ತಿರುತ್ತಾನೆ. ಪ್ರಕೃತ ಲೇಖನವು ಆ ಹುಡುಗನಂಥವರನ್ನೂ, ಅವರಿಗೆ ಪಾಠ ಹೇಳಬಲ್ಲ ನಮ್ಮ ನಡುವಿನ ಉಪಾಧ್ಯಾಯರನ್ನೂ ಉದ್ದೇಶಿಸಿದ್ದು.

ಮುಂಬಯಿಯ ಕನ್ನಡಿಗರಿಗೆ ಉಚಿತ ವಿದ್ಯೆ ಎಂಬುದು ಹೊಸ ಮಾತಲ್ಲ. ಹಗಲು ಹೋಟೆಲುಗಳಲ್ಲಿ ಮೇಜು ಒರೆಸಿ, ಲೋಟ ತೊಳೆದು, ರಾತ್ರಿ ಕಂದೀಲಿನ ಅಥವಾ ಮಂದ ವಿದ್ಯುದ್ದೀಪದ ಬೆಳಕಿನಲ್ಲಿ ಅಕ್ಷರ ಕಲಿತ ಹುಡುಗರು ಮುಂದೆ ವಕೀಲರಾದರು, ಗುಮಾಸ್ತರಾದರು, ಸ್ವಂತ ಹೋಟೆಲುಗಳ ಒಡೆಯರಾದರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಕೋಟೆ ಪ್ರದೇಶದಲ್ಲಿಯೂ ಇತರೆಡೆಗಳಲ್ಲಿಯೂ ನಡೆಯಿಸಿದ ರಾತ್ರಿಶಾಲೆಗಳು ನಮ್ಮ ಸಮಾಜದ ನಿಜವಾದ ವಿಶ್ವವಿದ್ಯಾಲಯಗಳಾಗಿದ್ದವೆಂದರೆ ಅತಿಶಯೋಕ್ತಿಯಾಗದು. ಅಲ್ಲಿ ಶುಲ್ಕವಿರಲಿಲ್ಲ, ಆದರೆ ದಿನವಿಡೀ ದುಡಿದು ದಣಿದ ಹುಡುಗನ ಬಳಿ ಕುಳಿತು ತಿದ್ದುವ ಗುರು ಇದ್ದನು. ಇಂದು ಶುಲ್ಕವಿಲ್ಲದ ಶಾಲೆ ಪ್ರತಿಯೊಬ್ಬರ ಕೈಯೊಳಗೇ ಬಂದು ಕುಳಿತಿದೆ. ಗುರುವೂ ಬಂದಿದ್ದಾನೆಯೇ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಒಂದು ಮನೆ, ಒಂದು ಮೊಬೈಲು

2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳು ಮುಚ್ಚಿದುದನ್ನು ವಾಚಕರು ಮರೆತಿರಲಾರರು. ಆ ವರ್ಷದ ಮಳೆಗಾಲದಲ್ಲಿ ಬೊರಿವಲಿ ಪೂರ್ವದ ಚಾಳೊಂದರಲ್ಲಿ ವಾಸಿಸುತ್ತಿದ್ದ, ನಮಗೆ ಪರಿಚಿತವಾದ ಕುಟುಂಬವೊಂದರ ಸ್ಥಿತಿ ಹೀಗಿತ್ತು: ಮನೆಗೆ ಒಂದೇ ಕೋಣೆ, ಇಬ್ಬರು ಮಕ್ಕಳು, ಒಂದೇ ಮೊಬೈಲು. ತಂದೆ ಹೋಟೆಲಿನಲ್ಲಿ ಪಾರ್ಸೆಲ್ ವಿಭಾಗದ ಕೆಲಸಕ್ಕಿದ್ದುದರಿಂದ ಆ ಮೊಬೈಲು ಬೆಳಿಗ್ಗೆ ಅವರೊಡನೆಯೇ ಹೊರಟು ರಾತ್ರಿ ಅವರೊಡನೆಯೇ ಹಿಂತಿರುಗುತ್ತಿತ್ತು. ಶಾಲೆಯ ಪಾಠವಾದರೋ ಬೆಳಿಗ್ಗೆ ಹತ್ತಕ್ಕೆ! ಹನ್ನೆರಡು ವರ್ಷದ ಮಗಳಿಗೆ ತರಗತಿಯೆಂಬುದು ಕೇವಲ ನೆರೆಮನೆಯ ಗೋಡೆಯಾಚೆಯಿಂದ ಕೇಳಿಬರುವ ಧ್ವನಿಯಾಗಿ ಉಳಿಯಿತು.

ಕೆಲವು ವಾರಗಳ ಬಳಿಕ ಆಕೆಯ ಉಪಾಧ್ಯಾಯಿನಿ ಒಂದು ಉಪಾಯ ಮಾಡಿದರು. ಪಾಠದ ಮುಖ್ಯಾಂಶವನ್ನು ಆರೇಳು ನಿಮಿಷಗಳಲ್ಲಿ ತಮ್ಮ ಮೊಬೈಲಿನಲ್ಲೇ ಚಿತ್ರಿಸಿ, ವಾಟ್ಸಾಪಿನ ಮೂಲಕ ಕಳುಹಿಸತೊಡಗಿದರು. ರಾತ್ರಿ ಹನ್ನೊಂದಕ್ಕೆ ತಂದೆ ಊಟಕ್ಕೆ ಕುಳಿತಾಗ ಮಗಳು ಪಾಠಕ್ಕೆ ಕುಳಿತಳು. ನಾವು ಒಮ್ಮೆ ವಿಚಾರಿಸಿದಾಗ, "ಇದರಲ್ಲಿ ಟೀಚರನ್ನು ಹತ್ತು ಸಲ ಹೇಳಿಸಿದರೂ ಬೈಯುವುದಿಲ್ಲ, ಮಾಮಾ" ಎಂದು ನಕ್ಕಳು.

ಆ ಬಾಲೆ ಹೇಳಿದುದು ಸಣ್ಣ ಮಾತಲ್ಲ. ಅಮೆರಿಕದಲ್ಲಿ ಸಲ್ಮಾನ್ ಖಾನ್ ಎಂಬವರು 2004ರಲ್ಲಿ ದೂರದ ಊರಿನಲ್ಲಿದ್ದ ತಮ್ಮ ಸೋದರ ಸಂಬಂಧಿ ಬಾಲೆಗೆ ಗಣಿತ ಹೇಳಿಕೊಡಲು ಆರಂಭಿಸಿ, 2006ರಿಂದ ಪಾಠಗಳನ್ನು ಯೂಟ್ಯೂಬಿನಲ್ಲಿ ಇರಿಸಿದರು. ಎದುರಿನ ಅಣ್ಣನಿಗಿಂತ ಯೂಟ್ಯೂಬಿನ ಅಣ್ಣನೇ ಮೇಲೆಂದು ಆ ಮಕ್ಕಳಿಗೆ ಅನಿಸಿತಂತೆ! ನಾಚಿಕೆಯಿಲ್ಲದೆ ನಿಲ್ಲಿಸಬಹುದು, ಮರಳಿ ಕೇಳಬಹುದು ಎಂಬುದೇ ಅದರ ಮರ್ಮ. ಖಾನ್ ಅಕಾಡೆಮಿ ಹುಟ್ಟಿದುದು ಹೀಗೆ. ಇಂದು ಅದರ ಪಾಠಗಳಲ್ಲಿ ಕೆಲವು ಕನ್ನಡದಲ್ಲಿಯೂ ದೊರೆಯುತ್ತವೆ.

ಐವತ್ತು ವರ್ಷಗಳ ಹಿಂದಿನ ಪಾಠ

ಚಿತ್ರದ ಮೂಲಕ ಕನ್ನಡದಲ್ಲಿ ಕಲಿಸುವುದು ನಿನ್ನೆ ಮೊನ್ನೆಯ ವಿದ್ಯೆಯೆಂದು ಭಾವಿಸುವವರು 1975ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷದ ಆಗಸ್ಟ್ 1ರಿಂದ ಮುಂದಿನ ವರ್ಷದ ಜುಲೈ 31ರ ವರೆಗೆ ಅಮೆರಿಕದಿಂದ ಎರವಲಾಗಿ ದೊರೆತ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಮುಟ್ಟಿಸಲಾಯಿತು. ಕರ್ನಾಟಕದ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದು, ಅಲ್ಲಿನ ಮಕ್ಕಳು ಬೆಳಗಿನ ಹೊತ್ತು ಕನ್ನಡದಲ್ಲಿಯೇ ಪಾಠ ಕಂಡರು. ವರ್ಷ ತುಂಬಿತು, ಉಪಗ್ರಹ ಹೊರಟುಹೋಯಿತು. ಸಾಧನ ಪರರದಾದಾಗ ಅದರ ಅವಧಿಯೂ ಪರರದೇ ಆಗಿರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮಹಾಮಾರಿಯ ಕಾಲದಲ್ಲಿ ಕರ್ನಾಟಕ ಸರಕಾರವು ದೂರದರ್ಶನದ ಚಂದನ ವಾಹಿನಿಯ ಮೂಲಕ 'ಸಂವೇದ' ಎಂಬ ಪಾಠಮಾಲೆಯನ್ನು ಪ್ರಸಾರ ಮಾಡಿತು. ಶ್ಲಾಘ್ಯವಾದ ಕಾರ್ಯವೇ ಸರಿ. ಆದರೆ ದೂರದರ್ಶನದ ಪಾಠ ಹರಿಯುವ ಹೊಳೆಯಂತೆ. ತಪ್ಪಿಹೋದುದನ್ನು ಹಿಡಿಯಲು ಬರುವುದಿಲ್ಲ. ಮೊಬೈಲಿನ ಪಾಠವಾದರೋ ಕೊಡದಲ್ಲಿ ತುಂಬಿಟ್ಟ ನೀರಿನಂತೆ, ಬೇಕಾದಾಗ ಬೇಕಾದಷ್ಟು.

ಯಾವ ಯಾವ ಸಾಧನಗಳಿವೆ?

ಈ ಸಾಧನಗಳನ್ನು ನಾವು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಎದುರುಬದುರಾಗಿ ಪಾಠ ನಡೆಯಿಸುವ ಸಾಧನಗಳು. ಜೂಮ್ ಉಚಿತ ಖಾತೆಯಲ್ಲಿ 40 ನಿಮಿಷಗಳ ಸಭೆಗೂ, ಗೂಗಲ್ ಮೀಟ್ ಮೂವರು ಅಥವಾ ಹೆಚ್ಚು ಮಂದಿ ಸೇರಿದಾಗ 60 ನಿಮಿಷಗಳ ಸಭೆಗೂ ಅವಕಾಶ ನೀಡುತ್ತವೆ. ಜಿಟ್ಸಿ ಎಂಬುದು ಮುಕ್ತ ತಂತ್ರಾಂಶ; ಅದರಲ್ಲಿ ಹೀಗೆ ಗಡಿಯಾರ ನೋಡುವ ನಿರ್ಬಂಧವಿಲ್ಲ, ಆದರೆ ಸಾರ್ವಜನಿಕ ತಾಣದಲ್ಲಿ ಸಭೆ ಆರಂಭಿಸುವವರು 2023ರಿಂದ ತಮ್ಮ ಖಾತೆಯ ಮೂಲಕ ಪ್ರವೇಶಿಸಬೇಕಾಗಿದೆ. ಮನೆಗೊಂದೇ ಮೊಬೈಲಿರುವವರಿಗೆ ಈ ಬಗೆಯ ಸಾಧನಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ಎರಡನೆಯದು, ಸಿದ್ಧವಾಗಿರುವ ಪಾಠಗಳ ಭಂಡಾರಗಳು. ಕೇಂದ್ರ ಸರಕಾರದ 'ದೀಕ್ಷಾ' ವೇದಿಕೆಯು 2017ರ ಶಿಕ್ಷಕರ ದಿನದಂದು ಆರಂಭವಾಯಿತು. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಕಪ್ಪು-ಬಿಳುಪಿನ ಚೌಕಾಕೃತಿಯ ಸಂಕೇತವನ್ನು ಮೊಬೈಲಿಗೆ ತೋರಿಸಿದರೆ ಆ ಪಾಠಕ್ಕೆ ಸಂಬಂಧಿಸಿದ ಚಿತ್ರಗಳೂ ಅಭ್ಯಾಸಗಳೂ ತೆರೆದುಕೊಳ್ಳುತ್ತವೆ. ಇಳಿಸಿಟ್ಟುಕೊಂಡರೆ ಅಂತರಜಾಲವಿಲ್ಲದಾಗಲೂ ನೋಡಬಹುದು. ಕಾಲೇಜಿನವರಿಗೆ ಅದೇ ವರ್ಷ ಜುಲೈ 9ರಂದು ಆರಂಭವಾದ 'ಸ್ವಯಂ' ಇದೆ. ಅದರಲ್ಲಿ ಪಾಠ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಪುಣೆಯ ಬಾಲಭಾರತಿಯು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತಿದ್ದು, ಅವುಗಳನ್ನು ಅಂತರಜಾಲದಿಂದ ಉಚಿತವಾಗಿ ಪಡೆಯಬಹುದೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು.

ಮೂರನೆಯದು, ಪಾಠಗಳನ್ನು ನಾವೇ ತಯಾರಿಸಿಕೊಳ್ಳುವ ಸಾಧನಗಳು. ಇದಕ್ಕೆ ಕೈಯಲ್ಲಿರುವ ಮೊಬೈಲೇ ಸಾಕು. ಗಣಕಯಂತ್ರವಿದ್ದವರಿಗೆ ಓ.ಬಿ.ಎಸ್. ಸ್ಟುಡಿಯೊ ಎಂಬ ಮುಕ್ತ ತಂತ್ರಾಂಶವುಂಟು. ಪರದೆಯ ಮೇಲಿನ ಬರವಣಿಗೆ, ಮುಖ, ಧ್ವನಿ ಮೂರನ್ನೂ ಒಟ್ಟಿಗೆ ಹಿಡಿದಿಡುತ್ತದೆ. ಸಿದ್ಧವಾದುದನ್ನು ಯೂಟ್ಯೂಬಿನಲ್ಲಿ 'ಅನ್‌ಲಿಸ್ಟೆಡ್' ಎಂದು ಇರಿಸಿದರೆ ಕೊಂಡಿ ದೊರೆತವರು ಮಾತ್ರ ನೋಡಬಲ್ಲರು. ನಮ್ಮ ದೃಷ್ಟಿಯಲ್ಲಿ ಮುಂಬಯಿ ಕನ್ನಡಿಗರಿಗೆ ಅತ್ಯಂತ ಪ್ರಯೋಜನಕಾರಿಯಾದುದು ಈ ಮೂರನೆಯ ಬಗೆಯೇ.

ಪೊವಾಯಿಯ ಮೇಲ್ಪಂಕ್ತಿ

ಇದನ್ನು ಶಾಸ್ತ್ರೀಯವಾಗಿ ಮಾಡಿ ತೋರಿಸಿದವರು ಬೊರಿವಲಿಗೆ ದೂರವಲ್ಲದ ಪೊವಾಯಿಯಲ್ಲಿಯೇ ಇದ್ದಾರೆ. ಅಲ್ಲಿನ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯರ ನೇತೃತ್ವದಲ್ಲಿ ರೂಪುಗೊಂಡ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯು ಗಣಕ ತಂತ್ರಾಂಶಗಳನ್ನು ಸುಮಾರು ಹತ್ತು ಹತ್ತು ನಿಮಿಷಗಳ ದೃಶ್ಯಪಾಠಗಳ ಮೂಲಕ ಉಚಿತವಾಗಿ ಕಲಿಸುತ್ತದೆ. ಇಂಗ್ಲಿಷಿನಲ್ಲಿ ಸಿದ್ಧವಾದ ಪಾಠಗಳಿಗೆ ಕನ್ನಡವೂ ಸೇರಿ ಅನೇಕ ಭಾರತೀಯ ಭಾಷೆಗಳಲ್ಲಿ ಧ್ವನಿ ನೀಡಲಾಗಿದೆ. ಪರದೆಯ ಮೇಲಿನ ಅಕ್ಷರಗಳು ಇಂಗ್ಲಿಷಿನಲ್ಲಿಯೇ ಇದ್ದು, ವಿವರಣೆ ಮಾತ್ರ ತಾಯಿನುಡಿಯಲ್ಲಿ ಕೇಳಿಬರುತ್ತದೆ. ತಿಳಿವಳಿಕೆ ಸ್ವಭಾಷೆಯಲ್ಲಾಗಲಿ, ಆದರೆ ಉದ್ಯೋಗಕ್ಕೆ ಹೋದಾಗ ವಿದ್ಯಾರ್ಥಿ ತಬ್ಬಿಬ್ಬಾಗದಿರಲಿ ಎಂಬುದೇ ಇದರ ಉದ್ದೇಶ.

ಅವರ ಕಾರ್ಯಕ್ರಮವೂ ಅನುಕರಣೀಯ. ಮೊದಲು ಪಾಠವನ್ನು ಎರಡು ಅಂಕಣಗಳಲ್ಲಿ ಬರೆಯುತ್ತಾರೆ: ಒಂದರಲ್ಲಿ ಕಣ್ಣಿಗೆ ಕಾಣಬೇಕಾದುದು, ಇನ್ನೊಂದರಲ್ಲಿ ಕಿವಿಗೆ ಕೇಳಬೇಕಾದುದು. ಬರೆದುದನ್ನು ವಿಷಯ ತಿಳಿಯದ ಹೊಸಬನೊಬ್ಬನಿಗೆ ಕೊಟ್ಟು, ಅವನಿಗೆ ಅರ್ಥವಾಯಿತೇ ಎಂದು ಪರೀಕ್ಷಿಸುತ್ತಾರೆ. ಆ ಮೇಲೆಯೇ ಧ್ವನಿಮುದ್ರಣ. ಕಲಿಯುವವನೂ ಸುಮ್ಮನೆ ನೋಡುತ್ತ ಕೂರುವಂತಿಲ್ಲ. ಸ್ವಲ್ಪ ಕೇಳಿ, ನಿಲ್ಲಿಸಿ, ಅದೇ ಕೆಲಸವನ್ನು ತಾನೂ ಪಕ್ಕದಲ್ಲಿ ಮಾಡಿ, ಮುಂದುವರಿಯಬೇಕು. ನೋಡುವುದೇ ಕಲಿಯುವುದೆಂಬ ಭ್ರಮೆಗೆ ಇದು ಮದ್ದು.

ಕನ್ನಡ ಕಲಿಸಲು ಹೇಗೆ?

ಈ ಕ್ರಮವನ್ನು ನಾವು ಯಾವುದಕ್ಕೆ ಬಳಸಬೇಕು? ಇಂಗ್ಲಿಷ್ ಮಾಧ್ಯಮದಲ್ಲಿಯೋ ಮರಾಠಿ ಮಾಧ್ಯಮದಲ್ಲಿಯೋ ಓದುತ್ತಿರುವ, ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಿದ್ದರೂ ಕನ್ನಡ ಅಕ್ಷರದ ಪರಿಚಯವಿಲ್ಲದ ನಮ್ಮ ಮಕ್ಕಳಿಗಾಗಿ. ಗಣಿತ ವಿಜ್ಞಾನಗಳಿಗೆ ಜಗತ್ತೆಲ್ಲ ಪಾಠ ತಯಾರಿಸುತ್ತಿದೆ. ಆದರೆ ದೇವನಾಗರಿ ಬಲ್ಲ ಬೊರಿವಲಿಯ ಮಗುವೊಂದು ಕನ್ನಡ ಓದಲು ಎಲ್ಲಿ ತೊಡರುತ್ತದೆಂಬುದು ನಮಗಲ್ಲದೆ ಇನ್ನಾರಿಗೆ ತಿಳಿದೀತು?

ಮರಾಠಿಯಲ್ಲಿ ಎಕಾರ ಒಕಾರಗಳಿಗೆ ಹ್ರಸ್ವ ದೀರ್ಘಗಳ ಬೇರೆ ಬೇರೆ ಅಕ್ಷರಗಳಿಲ್ಲ. ಆದ್ದರಿಂದ ಆ ಮಗುವಿಗೆ 'ಕೊಡು' ಎಂಬುದೂ 'ಕೋಡು' ಎಂಬುದೂ ಒಂದೇ ಆಗಿ ತೋರುತ್ತವೆ. ಒಂದು ಕೈಯಿಂದ ಕೊಡುವುದು, ಇನ್ನೊಂದು ಎತ್ತಿನ ತಲೆಯ ಮೇಲಿರುವುದು! ದೇವನಾಗರಿಯಲ್ಲಿ ಒತ್ತಕ್ಷರಗಳು ಬಹುಮಟ್ಟಿಗೆ ಪಕ್ಕದಲ್ಲಿ ಕೂಡಿಕೊಂಡರೆ ಕನ್ನಡದಲ್ಲಿ ಕೆಳಗೆ ಇಳಿಯುತ್ತವೆ. 'ಸೂರ್ಯ' ಎಂಬಲ್ಲಿ ರಕಾರ ಮೊದಲು ಉಚ್ಚರಿತವಾದರೂ ಅರ್ಕಾವೊತ್ತಾಗಿ ಬರೆಯುವಾಗ ಯಕಾರದ ನಂತರ ಬರುತ್ತದೆ. ಮರಾಠಿಯಲ್ಲಿ ಅದು ಯಕಾರದ ತಲೆಯ ಮೇಲೇರುತ್ತದೆ. ಇವನ್ನು ಪುಸ್ತಕದಲ್ಲಿ ಪುಟಗಟ್ಟಲೆ ವಿವರಿಸಿದರೂ ತಲೆಗೆ ಹತ್ತದು. ಕೈಯೊಂದು ಕಾಗದದ ಮೇಲೆ ನಿಧಾನವಾಗಿ ಬರೆಯುತ್ತಿರುವುದನ್ನು ಕಣ್ಣು ನೋಡಿ, ಅದೇ ಕ್ಷಣ ಕಿವಿ ಧ್ವನಿಯನ್ನು ಕೇಳಿದರೆ ಐದೇ ನಿಮಿಷದಲ್ಲಿ ಹತ್ತುತ್ತದೆ.

ಇಂಥ ಪಾಠಕ್ಕೆ ಬೇಕಾದ ಬಂಡವಾಳವಾದರೂ ಎಷ್ಟು? ನಾಲ್ಕು ದಪ್ಪ ಪುಸ್ತಕಗಳ ಮೇಲೆ ಒಂದು ಪಟ್ಟಿ, ಆ ಪಟ್ಟಿಯ ತುದಿಯಲ್ಲಿ ಕೆಳಮುಖವಾಗಿ ಇರಿಸಿದ ಮೊಬೈಲು, ಕೆಳಗೆ ಬಿಳಿ ಹಾಳೆ, ಕಿಟಕಿಯ ಬೆಳಕು. ಪಂಖವನ್ನು ನಿಲ್ಲಿಸಬೇಕು, ಲೋಕಲ್ ಗಾಡಿಯ ಸದ್ದು ಕೇಳುವ ಮನೆಯಾದರೆ ಗಾಡಿ ದಾಟುವ ತನಕ ಕಾಯಬೇಕು. ಚಿತ್ರ ಸ್ವಲ್ಪ ಮಸುಕಾದರೆ ಮಗು ಸಹಿಸೀತು. ಮಾತು ಕೇಳದಿದ್ದರೆ ಸಹಿಸಲಾರದು. ಒಂದು ಪಾಠಕ್ಕೆ ಒಂದೇ ವಿಷಯ, ಕೊನೆಯಲ್ಲಿ ಬರೆದು ತೋರಿಸಲು ಮೂರು ಶಬ್ದಗಳು. ಇಷ್ಟು ಸಾಕು.

ಎಚ್ಚರಿಕೆಯ ಮಾತು

ಉಚಿತವೆಂದ ಮಾತ್ರಕ್ಕೆ ಎಲ್ಲವೂ ನಮ್ಮದೆಂದು ಬಗೆಯಬಾರದು. ಅನ್ಯರ ಪಾಠವನ್ನು ನೋಡುವುದು ಬೇರೆ, ಕತ್ತರಿಸಿ ನಮ್ಮದೆಂದು ಇರಿಸುವುದು ಬೇರೆ. ಮರುಬಳಕೆಗೆ ಅನುಮತಿಯಿದೆಯೇ ಎಂದು ನೋಡಿಯೇ ಕೈಹಾಕಬೇಕು. ಯೂಟ್ಯೂಬಿನ ಬೆಲೆಯನ್ನು ನಾವು ಹಣದಲ್ಲಿ ಕೊಡದಿದ್ದರೂ ಜಾಹೀರಾತುಗಳ ಮೂಲಕ ಕೊಡುತ್ತೇವೆ. ಪಾಠ ಮುಗಿದೊಡನೆ ಇನ್ನಾವುದೋ ಚಿತ್ರ ಮಗುವನ್ನು ಸೆಳೆದೊಯ್ಯುತ್ತದೆ. ಆದುದರಿಂದ ಹಿರಿಯರೊಬ್ಬರು ಬಳಿಯಿರುವುದು ಲೇಸು. ಮಕ್ಕಳ ಮುಖವನ್ನೂ ಹೆಸರನ್ನೂ ಸಾರ್ವಜನಿಕವಾಗಿ ತೋರಿಸುವುದು ಬೇಡ; ಕೈ ಕಂಡರೆ, ಧ್ವನಿ ಕೇಳಿದರೆ ಪಾಠಕ್ಕೆ ಸಾಕು. ಸಭೆಯ ಕೊಂಡಿಯನ್ನು ಎಲ್ಲೆಂದರಲ್ಲಿ ಹಂಚಿದರೆ ಕರೆಯದ ಅತಿಥಿಗಳು ಬರುವ ಅಪಾಯವೂ ಉಂಟು. ಇನ್ನು, ಉಪಗ್ರಹದ ಕಥೆಯನ್ನು ಮರೆಯದೆ, ತಯಾರಿಸಿದ ಪ್ರತಿಯೊಂದು ಪಾಠದ ಪ್ರತಿಯನ್ನೂ ನಮ್ಮಲ್ಲಿಯೇ ಕಾದಿಟ್ಟುಕೊಳ್ಳತಕ್ಕದ್ದು.

ನಮ್ಮ ಸೂಚನೆ

ಬೊರಿವಲಿ, ದಹಿಸರ, ಕಾಂದಿವಲಿಗಳಲ್ಲಿ ನಿವೃತ್ತರಾದ ಕನ್ನಡ ಉಪಾಧ್ಯಾಯರಿದ್ದಾರೆ. ಮೊಬೈಲನ್ನು ನೀರು ಕುಡಿದಷ್ಟು ಸುಲಭವಾಗಿ ಬಳಸುವ ಕಾಲೇಜು ತರುಣ ತರುಣಿಯರಿದ್ದಾರೆ. ವಾರದ ಬಹುಪಾಲು ಬೀಗ ಹಾಕಿರುವ ಸಂಘಗಳ ಕೋಣೆಗಳಿವೆ. ಇವರಿಬ್ಬರನ್ನೂ ಆ ಕೋಣೆಯಲ್ಲಿ ಭಾನುವಾರ ಎರಡು ಗಂಟೆ ಕೂರಿಸಿದರೆ ವಾರಕ್ಕೊಂದು ಪಾಠ ಹುಟ್ಟುತ್ತದೆ, ವರ್ಷಕ್ಕೆ ಐವತ್ತು. ಅಕ್ಷರಮಾಲೆ, ಕಾಗುಣಿತ, ಒತ್ತಕ್ಷರ, ಸಣ್ಣಪುಟ್ಟ ವಾಕ್ಯಗಳಿಗೆ ಐವತ್ತು ಪಾಠಗಳು ಧಾರಾಳವಾಗಿ ಸಾಕು. ಅದೇ ಕೋಣೆಯಲ್ಲಿ ಸಂಜೆ ಒಂದು ಗಂಟೆ ಮಕ್ಕಳು ಸೇರಿ, ಪಾಠ ನೋಡಿ, ಬರೆದುದನ್ನು ಹಿರಿಯರೊಬ್ಬರಿಗೆ ತೋರಿಸಿ ತಿದ್ದಿಸಿಕೊಂಡರೆ ಆ ರಾತ್ರಿಶಾಲೆ ಮರುಹುಟ್ಟು ಪಡೆದಂತೆಯೇ ಸರಿ.

ಸಾಧನವನ್ನು ಜಗತ್ತು ಉಚಿತವಾಗಿ ಕೊಟ್ಟಿದೆ. ಗುರುವನ್ನು ಜಗತ್ತು ಕೊಡಲಾರದು. ಅವನನ್ನು ನಾವೇ ಕೊಡಬೇಕು. ಊರಿನಿಂದ ಬಂದ ಅಜ್ಜಿಯ ಕಾಗದವನ್ನು ಬೊರಿವಲಿಯ ಮೊಮ್ಮಗಳು ಇನ್ನೊಬ್ಬರಿಂದ ಓದಿಸಿಕೊಳ್ಳದೆ ತಾನೇ ಓದುವ ದಿನ, ಆ ಗುರುವಿನ ಶ್ರಮಕ್ಕೆ ದಕ್ಷಿಣೆ ಸಂದಿತೆಂದು ನಾವು ತಿಳಿಯುತ್ತೇವೆ. ಸಂಘಸಂಸ್ಥೆಗಳ ಚಾಲಕರು ಈ ವಿಷಯದಲ್ಲಿ ವಿಳಂಬ ಮಾಡಲಾರರೆಂದು ಆಶಿಸುತ್ತೇವೆ.