‘ಅರುಣಸೌಧಸ್ವಪ್ನ’ದ ಅಂಗಿರಸವಿಚಾರ

ಚೀನೀ ಗದ್ಯಕಥೆಗಳಲ್ಲಿ ಅಗ್ರಗಣ್ಯವೆನಿಸಿದ ‘ಹೊಂಗ್‌ಲೌ ಮಂಗ್’ ಎಂಬ ಗ್ರಂಥದ ಹೆಸರನ್ನು ‘ಅರುಣಸೌಧಸ್ವಪ್ನ’ವೆಂದು ಅನುವದಿಸಬಹುದು. ಇದರ ಕರ್ತೃವಾದ ತ್ಸಾವ್ ಶುಯೆಚಿನ್ ಎಂಬವನು ಕ್ರಿ. ಶ. 18ನೆಯ ಶತಮಾನದವನು. ಇವನ ಪೂರ್ವಿಕರು ನಾನ್‌ಜಿಂಗ್ ನಗರದಲ್ಲಿ ಚಕ್ರವರ್ತಿಯ ನೇಯ್ಗೆಯ ಕಾರ್ಯಾಗಾರಕ್ಕೆ ಅಧಿಕಾರಿಗಳಾಗಿದ್ದರು. 1728ರಲ್ಲಿ ರಾಜಾಜ್ಞೆಯಿಂದ ಆ ಕುಟುಂಬದ ಸೊತ್ತೆಲ್ಲವೂ ಅಪಹೃತವಾಯಿತು. ಇಂತಹ ವಂಶದವನು ರಚಿಸಿದ ಕೃತಿಯಲ್ಲಿ ಅಂಗಿಯಾದ ರಸವಾವುದೆಂಬುದೇ ಪ್ರಕೃತ ವಿಚಾರವು.

ಮೇಲುನೋಟಕ್ಕೆ ಇದು ಶೃಂಗಾರಕಥೆಯೇ ಸರಿ. ಜಿಯಾ ವಂಶದ ಕುಮಾರನಾದ ಬಾವ್‌ಯೂ ತನ್ನ ಸೋದರತ್ತೆಯ ಮಗಳಾದ ದಾಯ್‌ಯೂವಿನಲ್ಲಿ ಅನುರಕ್ತನು. ಹಿರಿಯರಾದರೋ ಚಿಕ್ಕತಾಯಿಯ ಮಗಳಾದ ಬಾವ್‌ಚಾಯ್ ಎಂಬವಳನ್ನು ವಂಚನೆಯಿಂದ ಅವನಿಗೆ ವಿವಾಹಮಾಡುವರು. (ನಮ್ಮಲ್ಲಿ ಸೋದರಿಯೆನಿಸುವವಳು ಅಲ್ಲಿ ವಧುವಾಗಬಹುದು.) ಆ ವಿವಾಹದ ವೇಳೆಗೇ ದಾಯ್‌ಯೂ ಪ್ರಾಣಬಿಡುವಳು. ಆದುದರಿಂದ ವಿಪ್ರಲಂಭವು ಕರುಣದಲ್ಲಿ ಪರ್ಯವಸಾನಹೊಂದಿತೆಂದು ಹೇಳತಕ್ಕವರುಂಟು.

ಆದರೆ ಉಪಕ್ರಮವನ್ನು ಪರಿಶೀಲಿಸಬೇಕು. ನ್ಯೂವಾ ದೇವಿಯು ಆಕಾಶದ ಬಿರುಕನ್ನು ಮುಚ್ಚಲು 36,501 ಶಿಲೆಗಳನ್ನು ಸಿದ್ಧಪಡಿಸಿ, ಒಂದನ್ನು ಮಾತ್ರ ಉಳಿಸಿದಳಂತೆ. ನಿರುಪಯುಕ್ತವಾದ ಆ ಶಿಲೆಯೇ ಲೋಕಾನುಭವವನ್ನು ಬಯಸಿ ಭೂಮಿಗಿಳಿದು, ಬಾವ್‌ಯೂ ಹುಟ್ಟುವಾಗ ಅವನ ಬಾಯಲ್ಲಿದ್ದ ಮಣಿಯಾಯಿತು. ದಾಯ್‌ಯೂ ಪೂರ್ವದಲ್ಲಿ ಒಂದು ದಿವ್ಯಲತೆ. ನೀರೆರೆದವನ ಋಣವನ್ನು ಕಣ್ಣೀರಿನಿಂದ ತೀರಿಸಲು ಹುಟ್ಟಿದವಳು. ಹೀಗೆ ಅನುರಾಗವೆಲ್ಲವೂ ತೀರಿಹೋಗತಕ್ಕ ಸಾಲವೆಂದು ಕವಿಯು ಮೊದಲಲ್ಲಿಯೇ ಸೂಚಿಸಿರುವನು.

ಈ ಸೂಚನೆಯನ್ನು ಅವನು ಉಪದೇಶವಾಕ್ಯಗಳಿಂದ ಬೆಳೆಸದೆ ವ್ಯಂಜನೆಯಿಂದ ಬೆಳೆಸುವನು. ಉದುರಿದ ಹೂಗಳು ನೀರಿನಲ್ಲಿ ತೇಲಿಹೋಗಿ ಹೊರಗಿನ ಕೊಳೆಯನ್ನು ಸೇರಬಾರದೆಂದು ದಾಯ್‌ಯೂ ಅವನ್ನು ಪಟ್ಟೆಯ ಚೀಲದಲ್ಲಿ ಕೂಡಿಸಿ ಮಣ್ಣುಮಾಡುವಳು. ವಾಚ್ಯಾರ್ಥವು ಬಾಲೆಯೊಬ್ಬಳ ವಿನೋದವಷ್ಟೆ. ವ್ಯಂಗ್ಯವು ಅವಳ ಅಕಾಲಮರಣ ಮಾತ್ರವಲ್ಲ, ಆ ಉದ್ಯಾನದ ಸಮಸ್ತ ಕನ್ಯೆಯರ ಗತಿಯು. ಮಹಾಭಾರತದಲ್ಲಿ ಶಾಂತವೇ ಅಂಗಿರಸವೆಂದು ಆನಂದವರ್ಧನಾಚಾರ್ಯರು ನಿರ್ಣಯಿಸಿದ ಕ್ರಮವು ಇಲ್ಲಿಯೂ ಸಲ್ಲುವುದು: ಶೃಂಗಾರಕರುಣಗಳು ಅಂಗಗಳು, ಶಾಂತವು ಅಂಗಿ.

ಇಲ್ಲಿ ಒಂದು ಆಕ್ಷೇಪವುಂಟು. ಮೊದಲು ಹಸ್ತಪ್ರತಿಗಳಲ್ಲಿ ಪ್ರಚಾರವಾದುದು 80 ಅಧ್ಯಾಯಗಳು ಮಾತ್ರ; 120 ಅಧ್ಯಾಯಗಳ ಗ್ರಂಥವನ್ನು ಚಂಗ್ ವೈಯುವಾನ್ ಮತ್ತು ಗಾವ್ ಎ ಎಂಬವರು 1791ರಲ್ಲಿ ಮುದ್ರಿಸಿದರು. ಉತ್ತರಭಾಗದ ಕರ್ತೃತ್ವವು ಇಂದಿಗೂ ವಿವಾದಗ್ರಸ್ತವು. ಅನ್ಯಕರ್ತೃಕವಾದರೆ ಉಪಸಂಹಾರವನ್ನು ಪ್ರಮಾಣವಾಗಿ ಹಿಡಿಯುವುದು ಹೇಗೆ? ಸಮಾಧಾನವೇನೆಂದರೆ, ಐದನೆಯ ಅಧ್ಯಾಯದ ಸ್ವಪ್ನಗೀತಗಳಲ್ಲಿಯೇ ವಂಶದ ಸಂಪೂರ್ಣವಿನಾಶವು ಸೂಚಿತವಾಗಿರುವುದು. ಬಾವ್‌ಯೂ ಹಿಮದಲ್ಲಿ ತಂದೆಗೆ ನಮಸ್ಕರಿಸಿ ಸಂನ್ಯಾಸಿಗಳೊಡನೆ ಮರೆಯಾಗುವ ಭಾಗವು ಯಾರದೇ ಆಗಲಿ, ಬೀಜಕ್ಕೆ ಅನುಗುಣವಾದ ಫಲವೇ. ಕಳೆದ ಪದವಿಯೂ ಸೊತ್ತೂ ಜಿಯಾ ವಂಶಕ್ಕೆ ಪುನಃ ಲಭಿಸುವ ಭಾಗವು ಮಾತ್ರ ರಸಕ್ಕೆ ವಿರೋಧಿಯು. ಬೋಧಕರು ಈ ಎರಡನ್ನೂ ವಿವೇಚಿಸಿ ಹೇಳಬೇಕು. ಇಲ್ಲವಾದರೆ ಮಹಾಕೃತಿಯೊಂದು ವಿದ್ಯಾರ್ಥಿಗಳಿಗೆ ಬರಿಯ ಪ್ರಣಯಕಥೆಯಾಗಿ ಉಳಿಯುವುದು.