ನಿಮಗಿದು ಗೊತ್ತೇ? ಸುಂಕದವರ ಮುಂದೆ ಕಾರಿನ ಸುಖದುಃಖ

ಶಿರ್ತಾಡಿ ಪೇಟೆಯಲ್ಲಿ ಎರಡು ಟೊಯೊಟಾ ಗಾಡಿಗಳು ನಿಂತಿವೆ ಎಂದುಕೊಳ್ಳಿ. ಒಂದು ಫಾರ್ಚುನರ್, ಇನ್ನೊಂದು ಲ್ಯಾಂಡ್ ಕ್ರೂಸರ್. ಮೊದಲನೆಯದು ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯಲ್ಲಿ ತಯಾರಾದದ್ದು. ಎರಡನೆಯದು ಜಪಾನಿನಿಂದ ಇಡಿಯಾಗಿ ಹಡಗಿನಲ್ಲಿ ಬಂದದ್ದು. ಕಂಪನಿ ಒಂದೇ, ದಾರಿ ಬೇರೆ. ಕಾರಣ ಹುಡುಕಲು ಸುಂಕದ ಪಟ್ಟಿ ತೆರೆಯಬೇಕು: ಇಡೀ ಕಾರನ್ನು ಹೊರಗಿನಿಂದ ತರಿಸಿದರೆ ಬೆಲೆಯ ಮೇಲೆ ಶೇ 70ರಿಂದ 110ರವರೆಗೆ ಸುಂಕ, ಅದೇ ಕಾರು ಬಿಡಿಭಾಗಗಳ ಕಿಟ್ ಆಗಿ ಬಂದು ಇಲ್ಲಿ ಜೋಡಣೆಯಾದರೆ ಶೇ 15ರ ಆಸುಪಾಸು. ಸಾಕಷ್ಟು ಮಾರಾಟವಾಗುವ ಗಾಡಿಗೆ ಇಲ್ಲೇ ಕಾರ್ಖಾನೆ ಕಟ್ಟುವುದು ಲಾಭ. ವರ್ಷಕ್ಕೆ ಕೆಲವೇ ಮಂದಿ ಕೊಳ್ಳುವ ಗಾಡಿ ಸುಂಕ ಕಟ್ಟಿಯೇ ಬರುತ್ತದೆ.

ಈ ಲೆಕ್ಕ ಮೂಡುಬಿದಿರೆ, ಕಾರ್ಕಳದ ಕಡೆಯವರಿಗೆ ಹೊಸತೇನಲ್ಲ. ನಮ್ಮ ಗೇರುಬೀಜದ ಫ್ಯಾಕ್ಟರಿಗಳು ನಿಂತಿರುವುದೇ ಇದರ ಮೇಲೆ. ಆಫ್ರಿಕಾದಿಂದ ಬರುವ ಹಸಿ ಬೀಜದ ಸುಂಕವನ್ನು 2018ರ ಬಜೆಟ್ ಶೇ 5ರಿಂದ ಶೇ 2.5ಕ್ಕೆ ಇಳಿಸಿತು. ಮರುವರ್ಷ ಸಿಪ್ಪೆ ಸುಲಿದ ತಿರುಳಿನ ಸುಂಕ ಶೇ 45ರಿಂದ ಶೇ 70ಕ್ಕೆ ಏರಿತು. ಬೀಜ ಬರಲಿ, ತಿರುಳು ಬೇಡ. ಸುಲಿಯುವ ಕೆಲಸ ಇಲ್ಲೇ ಆಗಲಿ ಎಂಬುದು ಅದರ ಅರ್ಥ. ಕಾರಿನ ವಿಷಯದಲ್ಲೂ ಸರ್ಕಾರ ಹೇಳುತ್ತಿರುವುದು ಅಷ್ಟೆ.

ಕಿಟ್‌ನಲ್ಲಿ ಎಂಜಿನ್ ಬಿಚ್ಚಿದ ಸ್ಥಿತಿಯಲ್ಲಿ ಇದ್ದರೆ ಒಂದು ಸುಂಕ, ಮೊದಲೇ ಜೋಡಿಸಿದ್ದರೆ ಇನ್ನೊಂದು! 2011ರ ಬಜೆಟ್ ಈ ಗೆರೆ ಎಳೆಯಿತು. ಜೋಡಿಸಿದ ಎಂಜಿನ್ ಅಥವಾ ಗೇರ್‌ಬಾಕ್ಸ್ ಪೆಟ್ಟಿಗೆಯಲ್ಲಿ ಸಿಕ್ಕರೆ ಈಗ ಶೇ 35. ಬೋಲ್ಟು ಬಿಗಿಯುವ ಕೆಲಸ ಯಾವ ದೇಶದಲ್ಲಿ ಆಗಬೇಕೆಂಬುದನ್ನೂ ಬಜೆಟ್ ಹೇಳುತ್ತದೆ. 2024ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಗೆ ಸುಮಾರು 140 ಕೋಟಿ ಡಾಲರಿನ ನೋಟಿಸ್ ಹೋದದ್ದು ಇಂಥದೇ ತಕರಾರಿನಲ್ಲಿ. ಕಿಟ್ ಎನ್ನಬೇಕಾದದ್ದನ್ನು ಬೇರೆ ಬೇರೆ ರವಾನೆಗಳಲ್ಲಿ ಬಿಡಿಭಾಗ ಎಂದು ತರಿಸಿದಿರಿ ಎಂಬುದು ಇಲಾಖೆಯ ಆರೋಪ. ಕಂಪನಿ ಅದನ್ನು ಒಪ್ಪದೆ ಬಾಂಬೆ ಹೈಕೋರ್ಟಿಗೆ ಹೋಯಿತು.

ಜನರಲ್ ಮೋಟಾರ್ಸ್ 1928ರಲ್ಲೇ ಮುಂಬಯಿಯಲ್ಲಿ ಕಾರು ಜೋಡಿಸುತ್ತಿತ್ತು. ಸ್ವಲ್ಪ ಸಮಯದಲ್ಲೇ ಫೋರ್ಡ್ ಕೂಡ ಬಂತು. ಸ್ವಾತಂತ್ರ್ಯದ ನಂತರ ಸರ್ಕಾರ, ಬರೀ ಜೋಡಣೆ ಸಾಲದು, ತಯಾರಿಕೆಯ ಯೋಜನೆ ತೋರಿಸಿ ಎಂದಿತು. 1954ರ ಹೊತ್ತಿಗೆ ಇಬ್ಬರೂ ಗಂಟುಮೂಟೆ ಕಟ್ಟಿದ್ದರು.

ಅದಕ್ಕೂ ಮೊದಲು ಕರ್ನಾಟಕಕ್ಕೆ ಒಂದು ಕಾರ್ಖಾನೆ ಕೈಗೆ ಬಂದಂತಾಗಿ ತಪ್ಪಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪ್ ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದು ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಬೆಂಗಳೂರಿನ ಹೆಸರು ಮುಂದೆ ಬಂತು, ಮೈಸೂರು ಸರ್ಕಾರ ಬೆನ್ನಿಗೆ ನಿಲ್ಲಲು ಸಿದ್ಧವಿತ್ತು, ಆದರೆ ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. ವಾಲ್‌ಚಂದರ ಕಾರ್ಖಾನೆ ಕೊನೆಗೆ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿ ಸೇರಿತು. ಬೆಂಗಳೂರಿಗೆ ಅವರಿಂದ ಸಿಕ್ಕಿದ್ದು ವಿಮಾನದ ಕಾರ್ಖಾನೆ: 1940ರ ಡಿಸೆಂಬರಿನಲ್ಲಿ ಶುರುವಾದ ಹಿಂದುಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇಂದಿನ ಎಚ್‌ಎಎಲ್. ಕಾರು ಕೇಳಿದವರಿಗೆ ವಿಮಾನ ಸಿಕ್ಕಿತು. ನನ್ನನ್ನು ಕೇಳಿದರೆ ನಷ್ಟದ ವ್ಯಾಪಾರವೇನೂ ಅಲ್ಲ.

ಮಂಗಳೂರಿನ ಕೆನರಾ ವರ್ಕ್‌ಶಾಪ್ಸ್‌ನ ಲೀಫ್ ಸ್ಪ್ರಿಂಗ್ ಹಳೆಯ ಲಾರಿ ಡ್ರೈವರುಗಳಿಗೆಲ್ಲ ಗೊತ್ತು. ಅದು ಹುಟ್ಟಿದ್ದು 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಹೊರಗಿನ ಮಾಲು ಹಡಗಿನಲ್ಲಿ ಬರುವುದೇ ಕಷ್ಟವಾಗಿದ್ದ ಕಾಲದಲ್ಲಿ. ಯುದ್ಧಕ್ಕಿಂತ ಎತ್ತರದ ಸುಂಕದ ಗೋಡೆ ಇಲ್ಲ.

ಈಗ ಬಿಡದಿಯ ಕಥೆ. 1997ರಲ್ಲಿ ಟೊಯೊಟಾ ಮತ್ತು ಕಿರ್ಲೋಸ್ಕರ್ ಕೈ ಜೋಡಿಸಿದಾಗ ಇಡೀ ಕಾರನ್ನು ಆಮದು ಮಾಡಿಕೊಳ್ಳಲು ಲೈಸೆನ್ಸ್ ಬೇಕಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಟ್ ತರಿಸುವವರಿಗೂ ಷರತ್ತು ಹಾಕಿತು: ವಿದೇಶಿ ಪಾಲುದಾರ ಕನಿಷ್ಠ 5 ಕೋಟಿ ಡಾಲರ್ ತರಬೇಕು, ಮೂರು ವರ್ಷದಲ್ಲಿ ಶೇ 50 ಮತ್ತು ಐದು ವರ್ಷದಲ್ಲಿ ಶೇ 70 ಭಾಗಗಳು ದೇಶದ್ದೇ ಆಗಿರಬೇಕು, ಆಮದಿಗೆ ಸರಿಯಾಗಿ ರಫ್ತೂ ಮಾಡಬೇಕು. 1999ರ ಕೊನೆಗೆ ಬಿಡದಿಯಿಂದ ಮೊದಲ ಕ್ವಾಲಿಸ್ ಹೊರಬಿತ್ತು. ಅಮೆರಿಕ ಮತ್ತು ಯುರೋಪ್ ಈ ಷರತ್ತಿನ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 2001ರ ಡಿಸೆಂಬರಿನಲ್ಲಿ ತೀರ್ಪು ಭಾರತದ ವಿರುದ್ಧ ಬಂತು. ಅಷ್ಟರಲ್ಲಿ ಕಾರ್ಖಾನೆಗಳು ಎದ್ದು ನಿಂತಾಗಿತ್ತು. ಷರತ್ತು ಹೋಯಿತು, ಕಟ್ಟಡ ಉಳಿಯಿತು.

ಬಿಡದಿಯಲ್ಲಿ ತಯಾರಾದ ಗೇರ್‌ಬಾಕ್ಸ್ ನಮ್ಮ ಗಾಡಿಗಳಿಗಷ್ಟೇ ಅಲ್ಲ, ಹೊರದೇಶದ ಟೊಯೊಟಾಗಳಿಗೂ ಹೋಗುತ್ತದೆ ಎಂಬುದು ಗೊತ್ತೇ? 2004ರ ಸುಮಾರಿಗೆ ಟೊಯೊಟಾ ಇನ್ನೋವಾ, ಫಾರ್ಚುನರ್, ಹೈಲಕ್ಸ್‌ಗಳನ್ನು ಒಂದೇ ಬುನಾದಿಯ ಮೇಲೆ ಕಟ್ಟುವ ಯೋಜನೆ ಹಾಕಿ ಕೆಲಸವನ್ನು ದೇಶದೇಶಕ್ಕೆ ಹಂಚಿತು. ಡೀಸೆಲ್ ಎಂಜಿನ್ ಥಾಯ್ಲೆಂಡಿಗೆ, ಪೆಟ್ರೋಲ್ ಎಂಜಿನ್ ಇಂಡೊನೇಷ್ಯಾಕ್ಕೆ, ಗೇರ್‌ಬಾಕ್ಸ್ ಫಿಲಿಪ್ಪೀನ್ಸ್ ಮತ್ತು ಭಾರತಕ್ಕೆ. ಭಾರತದ ಪಾಲು ಬಂದದ್ದು ಬಿಡದಿಗೆ. ಅದೇ 2004ರ ಸೆಪ್ಟೆಂಬರ್ 1ರಿಂದ ಭಾರತ ಮತ್ತು ಥಾಯ್ಲೆಂಡ್ 82 ವಸ್ತುಗಳ ಸುಂಕ ಇಳಿಸಲು ಶುರು ಮಾಡಿದವು. ವಾಹನದ ಭಾಗಗಳೂ ಆ ಪಟ್ಟಿಯಲ್ಲಿದ್ದವು. ಎರಡು ವರ್ಷದಲ್ಲಿ ಸುಂಕ ಸೊನ್ನೆ. ಹೀಗೆ ಸುಂಕ ಕರಗುವ ಕಡೆ ಒಂದೊಂದು ಭಾಗವನ್ನು ಒಂದೊಂದು ದೇಶದಲ್ಲಿ ಭಾರಿ ಪ್ರಮಾಣದಲ್ಲಿ ಮಾಡಿಸುವುದು ಗಿಟ್ಟುತ್ತದೆ. ಸುಂಕ ಎತ್ತರವಿದ್ದರೆ ಪ್ರತಿ ದೇಶದಲ್ಲೂ ಎಲ್ಲವನ್ನೂ ಮಾಡುವ ಪುಟ್ಟ ಪುಟ್ಟ ಕಾರ್ಖಾನೆಗಳು ಬೇಕಾಗುತ್ತವೆ. ಅದೇ ಒಪ್ಪಂದದಿಂದ ಥಾಯ್ಲೆಂಡಿನ ಟಿ.ವಿ. ಪಿಕ್ಚರ್ ಟ್ಯೂಬ್ ಅಗ್ಗವಾಗಿ ಬಂದು ಇಲ್ಲಿನ ತಯಾರಕರು ಗೋಳಾಡಿದ್ದೂ ಉಂಟು. ಬಿಡದಿಗೆ ಬಂದ ಲಾಭದ ಹಿಂದೆ ಬೇರೆ ಯಾರದೋ ನಷ್ಟವಿತ್ತು.

2012ರಲ್ಲಿ ಬಿಡದಿಯ ಇಟಿಯೋಸ್ ದಕ್ಷಿಣ ಆಫ್ರಿಕಾಕ್ಕೆ ಹೊರಟಿತು. ಹಡಗು ಹತ್ತಿದ್ದು ನಮ್ಮ ಪಣಂಬೂರಿನಲ್ಲಲ್ಲ, ಚೆನ್ನೈ ಪಕ್ಕದ ಎಣ್ಣೂರಿನಲ್ಲಿ. ಘಾಟಿಯ ದಾರಿ ನೋಡಿದವರು ಆಶ್ಚರ್ಯಪಡಲಾರರು.

ಅಡಿಕೆ ಬೆಳೆಗಾರರಿಗೆ ಅರ್ಥವಾಗುವ ಇನ್ನೊಂದು ನಿಯಮ: ಮಾಲು ಯಾವ ದೇಶದಲ್ಲಿ ಹುಟ್ಟಿದ್ದು? ಶ್ರೀಲಂಕಾದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂದ ಮೇಲೆ, ಬೇರೆ ದೇಶದ ಅಡಿಕೆ ಲಂಕೆಯ ಸರ್ಟಿಫಿಕೇಟ್ ಹೊತ್ತು ಬರುತ್ತಿದೆ ಎಂದು ಕರಾವಳಿ ಎಷ್ಟು ಸಲ ಕೂಗಿಲ್ಲ! ಕಾರಿಗೂ ಅದೇ ಜಾತಕ ನೋಡುತ್ತಾರೆ, ಇನ್ನೂ ಕಟ್ಟುನಿಟ್ಟಾಗಿ. ಅಮೆರಿಕ, ಮೆಕ್ಸಿಕೊ, ಕೆನಡಾಗಳ ಹಳೆಯ ಒಪ್ಪಂದದಲ್ಲಿ ಸುಂಕವಿಲ್ಲದೆ ಗಡಿ ದಾಟಲು ಕಾರಿನ ಶೇ 62.5 ಭಾಗ ಆ ಮೂರು ದೇಶಗಳದ್ದಾಗಿದ್ದರೆ ಸಾಕಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಒಪ್ಪಂದ ಅದನ್ನು ಹಂತಹಂತವಾಗಿ ಶೇ 75ಕ್ಕೆ ಏರಿಸಿತು. ಜತೆಗೆ ಕಾರಿನ ಶೇ 40ರಿಂದ 45ರಷ್ಟು ಭಾಗ, ಗಂಟೆಗೆ 16 ಡಾಲರಾದರೂ ಕೂಲಿ ಕೊಡುವ ಕಡೆ ತಯಾರಾಗಿರಬೇಕು. ಮೆಕ್ಸಿಕೊದ ಕೂಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಹೆಸರು ಹೇಳದೆ ಒಂದು ದೇಶದತ್ತ ಬೊಟ್ಟು ಮಾಡುವುದು ಹೇಗೆಂದು ಇದರಿಂದ ಕಲಿಯಬೇಕು.

ಕೋಳಿಯ ಜಗಳಕ್ಕೆ ಪಿಕಪ್ ಗಾಡಿ ದಂಡ ಕಟ್ಟುತ್ತಿದೆ, ಅದೂ ಅರವತ್ತು ವರ್ಷದಿಂದ. ಪಶ್ಚಿಮ ಜರ್ಮನಿ, ಫ್ರಾನ್ಸ್‌ಗಳು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಹೇರಿದ್ದಕ್ಕೆ ಸೇಡಾಗಿ ಅಮೆರಿಕ 1964ರಿಂದ ಹೊರಗಿನ ಸಣ್ಣ ಟ್ರಕ್ಕುಗಳಿಗೆ ಶೇ 25 ಸುಂಕ ಹಾಕಿತು. ಕೋಳಿಯ ಜಗಳ ಯಾವಾಗಲೋ ತಣ್ಣಗಾಯಿತು, ಸುಂಕ ಮಾತ್ರ ಇನ್ನೂ ಇದೆ. ಅದನ್ನು ತಪ್ಪಿಸಲು ಫೋರ್ಡ್ ಕಂಪನಿ ತನ್ನ ಟ್ರಾನ್ಸಿಟ್ ಕನೆಕ್ಟ್ ವ್ಯಾನುಗಳಿಗೆ ಹಿಂದಿನ ಸೀಟು ಹಾಕಿ ಪ್ರಯಾಣಿಕರ ಗಾಡಿ ಎಂದು ಹಡಗಿನಲ್ಲಿ ತರಿಸುತ್ತಿತ್ತು. ಬಂದರು ದಾಟಿದ ಮೇಲೆ ಸೀಟು ಕಿತ್ತು ಸರಕಿನ ವ್ಯಾನಾಗಿ ಮಾರುತ್ತಿತ್ತು. 2024ರಲ್ಲಿ 36.5 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿಕೊಂಡಿತು. ನಿಸ್ಸಾನ್ ನೇರ ದಾರಿ ಹಿಡಿದಿತ್ತು: 1983ರಲ್ಲಿ ಅಮೆರಿಕದ ಟೆನೆಸಿಯಲ್ಲೇ ಕಾರ್ಖಾನೆ ತೆರೆಯಿತು. ಅಲ್ಲಿಂದ ಮೊದಲು ಹೊರಬಂದ ಗಾಡಿ ಯಾವುದೆಂದು ಊಹಿಸಿ. ಪಿಕಪ್!

ಗೋಡೆ ಇಳಿದರೆ ಏನಾಗುತ್ತದೆ? ಥಾಯ್ಲೆಂಡ್–ಆಸ್ಟ್ರೇಲಿಯಾ ಒಪ್ಪಂದ 2005ರ ಜನವರಿಯಲ್ಲಿ ಜಾರಿಗೆ ಬಂತು. ಥಾಯ್ಲೆಂಡಿನ ಪಿಕಪ್‌ಗಳು ಆಸ್ಟ್ರೇಲಿಯಾದ ರಸ್ತೆ ತುಂಬಿದವು. 2016ರಲ್ಲಿ ಫೋರ್ಡ್, 2017ರ ಅಕ್ಟೋಬರಿನಲ್ಲಿ ಮೊದಲು ಟೊಯೊಟಾ, ಬಳಿಕ ಹೋಲ್ಡನ್ ಅಲ್ಲಿ ಕಾರು ತಯಾರಿಸುವುದನ್ನೇ ನಿಲ್ಲಿಸಿದವು. ಆಸ್ಟ್ರೇಲಿಯಾದ ಡಾಲರಿನ ಏರಿಕೆ, ದುಬಾರಿ ಕೂಲಿ, ಸಣ್ಣ ಮಾರುಕಟ್ಟೆ ಇವೂ ಸೇರಿಕೊಂಡವು. ಒಪ್ಪಂದವೊಂದರ ತಲೆಗೇ ಎಲ್ಲವನ್ನೂ ಕಟ್ಟುವುದು ನ್ಯಾಯವಲ್ಲ.

ಸುಂಕ ದೇಶವನ್ನು ಆರಿಸಿದರೆ, ಜಿಲ್ಲೆಯನ್ನು ಆರಿಸುವುದು ರಾಜ್ಯಗಳ ರಿಯಾಯಿತಿ. ಕರ್ನಾಟಕದ ಗಡಿಗೆ ಹತ್ತಿರದ ಪೆನುಕೊಂಡಕ್ಕೆ ಕಿಯಾ ಬಂದು, 2019ರಲ್ಲಿ ಸೆಲ್ಟೋಸ್ ತಯಾರಿಸತೊಡಗಿತು. ತಾಳಿಕೋಟೆಯ ಸೋಲಿನ ನಂತರ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಅದೇ ಪೆನುಕೊಂಡ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಅಲ್ಲಿಗೆ ಹೋಗಲು ಬಳ್ಳಾರಿ ರಸ್ತೆಯಲ್ಲಿ ನೆಟ್ಟಗೆ ಉತ್ತರಕ್ಕೆ ಹೋದರಾಯಿತು. ಕಾರ್ಖಾನೆ ಮಾತ್ರ ಆಂಧ್ರಕ್ಕೆ.

2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದದಲ್ಲಿ ಬ್ರಿಟನ್ನಿನ ಕಾರಿಗೆ ಸುಂಕ ಶೇ 100ಕ್ಕೂ ಮೇಲಿದ್ದದ್ದು ಹಂತಹಂತವಾಗಿ ಶೇ 10ಕ್ಕೆ ಇಳಿಯುತ್ತದೆ. ಆದರೆ ವರ್ಷಕ್ಕೆ ಇಷ್ಟೇ ಎಂಬ ಕೋಟಾದ ಒಳಗೆ ಮಾತ್ರ. ಬಾಗಿಲು ತೆರೆದರೂ ಚಿಲಕ ನಮ್ಮ ಕೈಯಲ್ಲೇ.

ಕೊನೆಯದಾಗಿ ಟೆಸ್ಲಾ. 2021ರ ಜನವರಿಯಲ್ಲಿ ಅದು ತನ್ನ ಭಾರತದ ಕಂಪನಿಯನ್ನು ನೋಂದಾಯಿಸಿದ್ದು ಬೆಂಗಳೂರಿನಲ್ಲಿ. ಕಾರ್ಖಾನೆಯೇ ಬಂದಂತೆ ಇಲ್ಲಿ ಸಂಭ್ರಮಪಟ್ಟೆವು. ಕಂಪನಿ ಕೇಳಿದ್ದು ಸುಂಕ ಇಳಿಸಿ ಎಂದು. ಸರ್ಕಾರ ಹೇಳಿದ್ದು ಮೊದಲು ಕಾರ್ಖಾನೆ ಕಟ್ಟಿ ಎಂದು. 2024ರ ಮಾರ್ಚಿನಲ್ಲಿ ಸರ್ಕಾರ ಒಂದು ನಡುದಾರಿ ತೆಗೆಯಿತು: 4,150 ಕೋಟಿ ರೂಪಾಯಿ ಹೂಡುವ ಎಲೆಕ್ಟ್ರಿಕ್ ಕಾರಿನ ಕಂಪನಿಗೆ ವರ್ಷಕ್ಕೆ 8,000 ಗಾಡಿಗಳವರೆಗೆ ಶೇ 15 ಸುಂಕ, ಮೂರು ವರ್ಷದಲ್ಲಿ ಶೇ 25 ಮತ್ತು ಐದು ವರ್ಷದಲ್ಲಿ ಶೇ 50 ಮೌಲ್ಯ ಇಲ್ಲಿಯದು. 1997ರ ಷರತ್ತಿನ ಮೊಮ್ಮಗುವಿನಂತಿದೆ, ಆದರೆ ಈ ಸಲ ಬಲವಂತವಿಲ್ಲ, ಆಮಿಷವಿದೆ. ಟೆಸ್ಲಾ ಅದಕ್ಕೂ ಒಲಿಯಲಿಲ್ಲ. 2025ರ ಜುಲೈ 15ರಂದು ಮುಂಬಯಿಯಲ್ಲಿ ಮಳಿಗೆ ತೆರೆದು ಶಾಂಘೈಯಲ್ಲಿ ತಯಾರಾದ ಮಾಡೆಲ್ ವೈ ಮಾರಲು ಶುರು ಮಾಡಿತು. ಆಗ ಅಮೆರಿಕದಲ್ಲಿ ಆ ಕಾರಿನ ಬೆಲೆ ಸುಮಾರು 45,000 ಡಾಲರಿನಿಂದ ಆರಂಭ, ಅಂದರೆ 40 ಲಕ್ಷ ರೂಪಾಯಿಗೂ ಕಡಿಮೆ. ಮುಂಬಯಿಯಲ್ಲಿ 60 ಲಕ್ಷದ ಹತ್ತಿರ.